ಉಷ್ಣ ಯಾರದು?

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ನೀವು ನಂಬಲಿಕ್ಕಿಲ್ಲ. ಆಲೂರಿನ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಬೋರ್ಡಿನ ಮೇಲೆ ಹೃದಯದ ಚಿತ್ರ ಬರೆಯುತ್ತಿದ್ದೇನೆ. ಅಭಿಧಮನಿಗಳಲ್ಲಿ ಕವಾಟಗಳಿರುತ್ತವೆ, ಅವು ರಕ್ತ ಹಿಂದಕ್ಕೆ ಹರಿಯದಂತೆ ತಡೆಯುತ್ತವೆ ಎಂದು ಎಷ್ಟೋ ಮಕ್ಕಳ ಕೈಲಿ ಬಾಯಿಪಾಠ ಮಾಡಿಸಿದ್ದೇನೆ. ಅದೇ ನಾನು, ನನ್ನ ಗರ್ಭಕೋಶದ ಉಷ್ಣ ಇಳಿಯಲಿ ಅಂತ ಆರು ವರ್ಷ ದಿನಾ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಮೆಂತ್ಯ ನೆನೆಸಿದ ನೀರು ಕುಡಿದಿದ್ದೇನೆ.

ನಮ್ಮ ಯಸಳೂರು ಕಡೆ ಉಷ್ಣಕ್ಕಿರುವ ಮರ್ಯಾದೆ ಡಾಕ್ಟರಿಗೂ ಇಲ್ಲ. ಬಾಯಲ್ಲಿ ಹುಣ್ಣಾದರೆ ಉಷ್ಣ, ಕಣ್ಣು ಉರಿದರೆ ಉಷ್ಣ, ಮೊಡವೆಗೂ ಉಷ್ಣ, ಮುಂಗೋಪಕ್ಕೂ ಉಷ್ಣ. ಕಾಳುಮೆಣಸು ಕುಯ್ಯುವವನು ಏಣಿಯಿಂದ ಬಿದ್ದು ಕಾಲು ಮುರಿದುಕೊಂಡರೂ, "ನಿನ್ನೆ ನಾಟಿಕೋಳಿ ಸಾರು ಜಾಸ್ತಿ ಉಂಡಿದ್ದ, ಉಷ್ಣ ಆಗಿ ತಲೆ ಸುತ್ತೈತೆ" ಅನ್ನುವವರು ನಮ್ಮ ಜನ. ನಾನೂ ಇದೇ ಮಣ್ಣಿನವಳು, ನಗುವ ಹಕ್ಕು ನನಗಿಲ್ಲ. ಮದುವೆಯಾಗಿ ಎರಡು ವರ್ಷವಾದರೂ ಹೊಟ್ಟೆ ಕಾಣಿಸಲಿಲ್ಲ ಅಂದಾಗ ನಮ್ಮತ್ತೆ ನನ್ನ ಅಂಗೈ ಹಿಡಿದು ನೋಡಿ, "ಕಾದ ಹೆಂಚು ಆಗೈತಲ್ಲವ್ವ" ಅಂದರು. ಅಲ್ಲಿಗೆ ರೋಗ ಪತ್ತೆಯಾಯಿತು. ಯಾರ ಅಂಗೈಯನ್ನೂ ಮತ್ತೆ ಮುಟ್ಟಿ ನೋಡುವ ಅಗತ್ಯ ಬೀಳಲಿಲ್ಲ.

ಮೆಂತ್ಯ ಆಯಿತು. ಒಂದೆಲಗದ ರಸ ಆಯಿತು. ಬಾರ್ಲಿ ನೀರು, ಕಾಮಕಸ್ತೂರಿ ಬೀಜ, ನೆತ್ತಿಗೆ ಹರಳೆಣ್ಣೆ ಆಯಿತು. ಕ್ಲಾಸಿನಲ್ಲಿ ಬೆನ್ನು ತಿರುಗಿಸಿದರೆ ಮುಂದಿನ ಬೆಂಚಿನ ಹುಡುಗಿಯರು ಹರಳೆಣ್ಣೆ ವಾಸನೆಗೆ ಮೂಗು ಮುಚ್ಚಿಕೊಂಡು ನಗುತ್ತಿದ್ದರು. ಅತ್ತೆ ಕೆಟ್ಟವರಲ್ಲ, ಅದೇ ಕಷ್ಟ. ಕೆಟ್ಟವರಾಗಿದ್ದರೆ ಲೋಟ ಬಿಸಾಕಿ ಜಗಳವಾಡಬಹುದಿತ್ತು. ನಾನು ಬಸ್ಸಿಗೆ ಹೊರಡುವ ಮೊದಲೇ ಎದ್ದು, ಸೋಸಿ, "ಕುಡ್ಕಬುಡು ಮಗ, ತಂಪಾಯ್ತದೆ" ಅಂತ ಕೈಗಿಡುವವರ ಮುಖಕ್ಕೆ ಏನಂತ ಎರಚುವುದು?

ಆಸ್ಪತ್ರೆಗೂ ಹೋದೆವು. ಹೋದೆವು ಅಂದರೆ ಹೋದೆ. ನಮ್ಮ ಯಜಮಾನರು ಪಿಕಪ್ಪಿನಲ್ಲಿ ಗೇಟಿನವರೆಗೆ ಬಿಟ್ಟು, "ಇಲ್ಲಿ ಗಾಡಿ ನಿಲ್ಸಕ್ಕೆ ಜಾಗ ಇಲ್ಲ ಕಣೆ, ನೀನು ಹೋಗ್ಬುಟ್ಟು ಬಾ" ಅನ್ನುತ್ತಿದ್ದರು. ಸ್ಕ್ಯಾನಿಂಗ್ ನನಗೆ. ಸೂಜಿ ನನಗೆ. ಗರ್ಭಕೋಶದ ನಳಿಕೆ ತೆರೆದಿದೆಯೋ ಮುಚ್ಚಿದೆಯೋ ನೋಡಲು ಔಷಧಿ ನೀರು ಹಾಯಿಸಿ ಎಕ್ಸ್‌ರೇ ತೆಗೆದದ್ದು ನನಗೆ. ಆ ದಿನ ಮಂಚದ ಕಬ್ಬಿಣ ಹಿಡಿದುಕೊಂಡು ಹಲ್ಲು ಕಚ್ಚಿದ್ದು ನಾನು. ಹೊರಗೆ ಬಂದರೆ ಇವರು ಗೇಟಿನ ಬಳಿ ಕಡಲೆಕಾಯಿ ಸುಲಿಯುತ್ತಾ, "ಏನಂದ್ರು?" ಅಂದರು. ಎಲ್ಲ ಸರಿಯಿದೆ ಅಂದರು ಅಂದೆ. ಇವರ ಮುಖ ಸಪ್ಪಗಾಯಿತು. ನನ್ನಲ್ಲಿ ಏನೋ ಕೆಟ್ಟಿದ್ದರೆ ಲೆಕ್ಕ ಸುಲಭವಾಗುತ್ತಿತ್ತಲ್ಲ, ಪಾಪ!

ಈಗ ನಮ್ಮ ಚಿಕ್ಕಮಾವನ ವಿಷಯ ಹೇಳಬೇಕು. ಇವರು ಯಜಮಾನರ ತಂದೆಯ ತಮ್ಮ. ನಮ್ಮ ಮಾವ ತೀರಿಕೊಂಡ ಮೇಲೆ ಮನೆಯ ಹಿರಿಯರು ಇವರೇ. ಎಪ್ಪತ್ತು ದಾಟಿದೆ, ಮಾತಿಗೆ ಮಾತ್ರ ಮುಪ್ಪಿಲ್ಲ. ಮೊದಲ ಹೆಂಡತಿ ಗಂಗಮ್ಮನಿಗೆ ಐದು ವರ್ಷ ಮಕ್ಕಳಾಗಲಿಲ್ಲ ಅಂತ ಹೊಂಗಡಹಳ್ಳದ ತವರಿಗೆ ಬಿಟ್ಟು ಬಂದವರು. ಅದು ನಾನು ಹುಟ್ಟುವುದಕ್ಕೆ ಮುಂಚಿನ ಮಾತು. ಮಾರನೆಯ ವರ್ಷವೇ ಎರಡನೆಯವರನ್ನು ತಂದರು. ಅವರಿಗೂ ಆಗಲಿಲ್ಲ. ಇಷ್ಟಾದ ಮೇಲೆ ಒಬ್ಬ ಮನುಷ್ಯನಿಗೆ ಒಂದು ಅನುಮಾನವಾದರೂ ಬರಬೇಕೋ ಬೇಡವೋ? ಇವರಿಗೆ ಬಂದದ್ದು, "ನಮ್ಮ ಹಣೇಲಿ ಎರಡೂ ಬಂಜೆ ಬರ್ದಿತ್ತು" ಎಂಬ ಜ್ಞಾನ. ನಮ್ಮ ಮನೆಗೆ ಬಂದಾಗಲೆಲ್ಲ ನನ್ನ ಯಜಮಾನರನ್ನು ಕಣದ ಕಡೆ ಕರೆದುಕೊಂಡು ಹೋಗಿ, ನನಗೆ ಕೇಳುವಷ್ಟು ಗುಟ್ಟಾಗಿ, "ಇನ್ನೊಂದು ಮಾಡ್ಕಳ್ಲಾ, ನಾನು ಮಾಡ್ಕಳ್ಳಿಲ್ವಾ?" ಅನ್ನುತ್ತಿದ್ದರು.

ಇದೇ ಚಿಕ್ಕಮಾವ ಬಿತ್ತನೆ ಭತ್ತದ ವಿಷಯದಲ್ಲಿ ಸುತ್ತ ಹತ್ತೂರಿಗೆ ಗುರು. ಉಪ್ಪುನೀರಿಗೆ ಸುರಿದು ಜೊಳ್ಳು ತೇಲಿಸಬೇಕು, ನೂರು ಕಾಳು ಒದ್ದೆ ಗೋಣಿಯಲ್ಲಿ ಕಟ್ಟಿ ಎಷ್ಟು ಮೊಳೆಯಿತು ನೋಡಬೇಕು. "ಬೀಜ ನೋಡ್ದೆ ಗದ್ದೆ ಬೈಯ್ಯೋನು ರೈತನೇ ಅಲ್ಲ ಕಣ್ರೀ" ಎಂಬುದು ಅವರ ಮಾತು. ಹಳೆಯ ಶಾಸ್ತ್ರದವರು ಹೆಣ್ಣನ್ನು ಕ್ಷೇತ್ರವೆಂದೂ ಗಂಡನ್ನು ಬೀಜವೆಂದೂ ಕರೆದು, ಹುಟ್ಟಿದ ಮಗು ಯಾರದು ಎಂದು ಪುಟಗಟ್ಟಲೆ ಗುದ್ದಾಡಿದ್ದಾರೆ ಎಂದು ಕೇಳಿದ್ದೇನೆ. ಬೆಳೆ ಬಂದಾಗ ಹಕ್ಕು ಸಾಧಿಸಲು ಬೀಜದವನು ಮುಂದೆ ಬರುತ್ತಾನೆ, ಬಾರದಿದ್ದಾಗ ಬೈಸಿಕೊಳ್ಳಲು ಹೊಲ ಇರುತ್ತದೆ. ನಾನು ಹೊಲವಲ್ಲ, ಬಸ್ಸಿನಲ್ಲಿ ನಿಂತು ಆಲೂರಿಗೆ ಹೋಗಿ ಬರುವ ಹೆಂಗಸು ಎಂದು ಆ ಶಾಸ್ತ್ರದವರಿಗೆ ಯಾರಾದರೂ ಹೇಳಿ.

ಕೊನೆಗೆ ಹಾಸನದಲ್ಲಿ ಒಬ್ಬ ಲೇಡಿ ಡಾಕ್ಟರು ಸಿಕ್ಕರು. ನನ್ನ ರಿಪೋರ್ಟಿನ ದಪ್ಪ ಕಟ್ಟನ್ನು ತಿರುವಿ ಹಾಕಿ, ಕನ್ನಡಕ ತೆಗೆದು, "ಇದರಲ್ಲಿ ನಿಮ್ಮ ಯಜಮಾನರದು ಒಂದು ಹಾಳೆಯೂ ಇಲ್ಲವಲ್ಲ, ಅವರೆಲ್ಲಿ?" ಎಂದರು. ಹೊರಗೆ ಗಾಡಿಯಲ್ಲಿದ್ದಾರೆ ಅಂದೆ. "ಅವರು ಬರುವ ತನಕ ನಿಮ್ಮನ್ನು ನೋಡುವುದಿಲ್ಲ" ಅಂದರು. ನನ್ನ ಜೀವಮಾನದಲ್ಲಿ ಅಷ್ಟು ಚಂದದ ಬೈಗುಳ ಕೇಳಿರಲಿಲ್ಲ.

ಇವರನ್ನು ಒಳಗೆ ಕರೆತರಲು ಮತ್ತೊಂದು ತಿಂಗಳು ಹಿಡಿಯಿತು. "ನಂಗೇನಾಗೈತೆ? ಕಾಫಿ ಮೂಟೆ ಒಬ್ನೇ ಎತ್ತಿ ಹಾಕ್ತೀನಿ" ಅನ್ನುವುದೇ ಇವರ ಆರೋಗ್ಯದ ಸರ್ಟಿಫಿಕೇಟು. ಮೂಟೆ ಎತ್ತುವ ರಟ್ಟೆಗೂ ಇದಕ್ಕೂ ಏನು ಸಂಬಂಧ ಮಾರಾಯ್ರೆ? ಅಂತೂ ಬಂದರು. ಪರೀಕ್ಷೆ ಆಯಿತು, ಸ್ಕ್ಯಾನಿಂಗ್ ಆಯಿತು. ವೀರ್ಯದಲ್ಲಿ ವೀರ್ಯಾಣುಗಳು ಕಡಿಮೆ, ಇರುವವೂ ಮಂದ. ಎಡಗಡೆ ವೃಷಣದ ಮೇಲಿನ ರಕ್ತನಾಳಗಳು ಉಬ್ಬಿ ಹುರಿಗಟ್ಟಿವೆ. ವೆರಿಕೋಸೀಲ್ ಎನ್ನುತ್ತಾರೆ ಅಂದರು ಡಾಕ್ಟರು. ತುಂಬ ಹೊತ್ತು ನಿಂತು ದುಡಿಯುವವರ ಕಾಲಲ್ಲಿ ನರ ಉಬ್ಬಿರುವುದನ್ನು ನೋಡಿದ್ದೀರಲ್ಲ, ಅಂಥದೇ ಇದು, ಜಾಗ ಮಾತ್ರ ಬೇರೆ. ನಾಳದ ಕವಾಟ ಸರಿಯಾಗಿ ಮುಚ್ಚುವುದಿಲ್ಲ. ಮೇಲೆ ಹೋಗಬೇಕಾದ ರಕ್ತ ಕೆಳಗಿಳಿದು ನಿಲ್ಲುತ್ತದೆ. ಎಡಗಡೆಯ ನಾಳ ಉದ್ದ, ಹೋಗಿ ಸೇರುವ ರೀತಿಯೂ ಬೇರೆ, ಹಾಗಾಗಿ ಎಡಗಡೆಯೇ ಹೆಚ್ಚು. "ವೃಷಣಕ್ಕೆ ಮೈಗಿಂತ ಸ್ವಲ್ಪ ತಂಪು ಬೇಕು, ಅದಕ್ಕೇ ಅದು ಹೊರಗಿರೋದು. ಬಿಸಿ ರಕ್ತ ಅಲ್ಲೇ ನಿಂತರೆ ಕಾವು ಹೆಚ್ಚಾಗುತ್ತೆ."

ಏನು ಹೆಚ್ಚಾಗುತ್ತೆ ಅಂದಿರಿ ಡಾಕ್ಟ್ರೆ, ಅಂತ ನಾನು ಇನ್ನೊಮ್ಮೆ ಕೇಳಿದೆ.

"ಕಾವು. ಉಷ್ಣ."

ನನಗೆ ನಗು ಬಂತು, ಹಿಂದೆಯೇ ಅಳು ಬಂತು, ಆಮೇಲೆ ಬಂದ ಸಿಟ್ಟು ಇನ್ನೂ ಹೋಗಿಲ್ಲ. ಉಷ್ಣ ಇದ್ದದ್ದು ನಿಜ! ಅತ್ತೆ ಹೇಳಿದ್ದು, ಊರು ಹೇಳಿದ್ದು ಎಲ್ಲ ನಿಜ. ವಿಳಾಸ ಮಾತ್ರ ತಪ್ಪು. ಆರು ವರ್ಷ ಮೆಂತ್ಯದ ನೀರು ಕುಡಿದು ತಂಪಾದವಳು ನಾನು, ಕಾವಿದ್ದದ್ದು ಇವರಿಗೆ! ಸಂಜೆಯಾದರೆ ಎಡಗಡೆ ಭಾರ ಎಂದು ಇವರಿಗೆ ಮದುವೆಗೆ ಮೊದಲೇ ಗೊತ್ತಿತ್ತಂತೆ. ಲಂಗೋಟಿ ಬಿಗಿಯಾಗಿ ಕಟ್ಟಿಕೊಂಡು ಸುಮ್ಮನಿದ್ದರಂತೆ. ನಾಚಿಕೆಯಂತೆ. ನನ್ನನ್ನು ಮಂಚದ ಮೇಲೆ ಮಲಗಿಸಿದಾಗ ಆ ನಾಚಿಕೆ ಎಲ್ಲಿ ಹೋಗಿತ್ತೋ. ಇನ್ನು ನಾನೇನು ಸಾಚಾ? ಕವಾಟದ ಪಾಠ ಮಾಡಿಯೂ ಇದು ಹೊಳೆಯಲಿಲ್ಲ. ಸಂತಾನೋತ್ಪತ್ತಿಯ ಪಾಠ ಬಂದರೆ "ಮನೇಲಿ ಓದ್ಕೊಳ್ಳಿ" ಅಂತ ಪುಟ ಮಗುಚುವ ಟೀಚರು ನಾನೇ.

ಡಾಕ್ಟರು ಸುಳ್ಳು ಭರವಸೆ ಕೊಡಲಿಲ್ಲ. ಇದು ಎಷ್ಟೋ ಗಂಡಸರಿಗೆ ಇರುತ್ತದೆ, ಮಕ್ಕಳೂ ಆಗುತ್ತವೆ, ಎಲ್ಲರಿಗೂ ಆಪರೇಷನ್ ಬೇಕಿಲ್ಲ ಎಂದರು. ಇವರಿಗೆ ಮಾಡಿದರೆ ಒಳ್ಳೆಯದು, ಮಾಡಿದರೂ ಮಗು ಆಗೇ ಆಗುತ್ತದೆ ಎನ್ನಲಾರೆ, ಮೂರು ತಿಂಗಳ ಮೇಲೆ ಮತ್ತೆ ಪರೀಕ್ಷೆ ಮಾಡೋಣ ಎಂದರು. ಆಪರೇಷನ್ ಆಯಿತು. ಊರಿಗೆ ಏನು ಹೇಳಿದರು ಗೊತ್ತೇ? ಹರ್ನಿಯಾ! ಹರ್ನಿಯಾ ನಮ್ಮಲ್ಲಿ ಗೌರವಸ್ಥರ ಕಾಯಿಲೆ. ಮೂಟೆ ಎತ್ತಿದವನಿಗೆ ಬರುವಂಥದ್ದು, ಸಂಬಂಧಿಕರು ಕಿತ್ತಳೆ ಹಣ್ಣು ಹಿಡಿದುಕೊಂಡು ನೋಡಲು ಬರುವಂಥದ್ದು. ನನ್ನ ಗರ್ಭಕೋಶದ ಸಮಾಚಾರ ಮಾತ್ರ ಕಾಫಿ ಕುಯ್ಯುವ ಆಳುಗಳ ಲೈನ್ ಮನೆಗಳವರೆಗೂ ಹೋಗಿತ್ತು.

ಮೂರು ತಿಂಗಳ ಮೇಲಿನ ರಿಪೋರ್ಟು ಸುಮಾರಾಗಿ ಚೆನ್ನಾಗಿತ್ತು. ಆದರೆ ಅಷ್ಟು ಹೊತ್ತಿಗೆ ನನಗೆ ಬೇಕಾದದ್ದು ಮಗುವಷ್ಟೇ ಆಗಿ ಉಳಿದಿರಲಿಲ್ಲ. ಕೆಟ್ಟಿದ್ದು ನನ್ನ ಹೆಸರು. ಅದನ್ನು ತೊಳೆಯಬಲ್ಲವರು ಒಬ್ಬರೇ, ಅವರು ಬಾಯಿಗೆ ಬೀಗ ಹಾಕಿಕೊಂಡು ಕಣದಲ್ಲಿ ಕಾಫಿ ಹರವುತ್ತಿದ್ದರು. ಒಂದು ಭಾನುವಾರ ಅಲ್ಲಿಗೇ ಹೋಗಿ ಹೇಳಿದೆ: "ಹಿರಿಯರ ಹಬ್ಬದೊಳಗೆ ನೀವು ಮನೆಯವರ ಮುಂದೆ ಹೇಳಬೇಕು. ಇಲ್ಲದಿದ್ದರೆ ನಾನು ಆಲೂರಿನಲ್ಲಿ ರೂಮು ಮಾಡಿಕೊಂಡು ಇದ್ದುಬಿಡುತ್ತೇನೆ. ಆಮೇಲೆ ನಿಮ್ಮ ಚಿಕ್ಕಪ್ಪ ಹೇಳಿದವಳನ್ನು ಮದುವೆಯಾಗಿ, ಅವಳಿಗೂ ಮೆಂತ್ಯ ಕುಡಿಸಿ."

ಇವರು ಕಾಫಿ ಹರವುವ ಹಲಗೆ ಕೆಳಗಿಟ್ಟರು. "ಗಂಡಸು ಹೆಂಗ್ ಹೇಳೋದೇ ಅದ್ನ?" ಅಂದರು.

"ಹೆಂಗಸು ಕೇಳಿಸಿಕೊಂಡ ಹಾಗೆ" ಅಂದೆ.

ಹಬ್ಬ ಬಂತು. ಹಿರಿಯರಿಗೆ ಎಡೆ ಇಟ್ಟಾಯಿತು, ಧೂಪ ಹಾಕಿಯಾಯಿತು. ನನ್ನ ಚೀಲ ಕೋಣೆಯಲ್ಲಿ ತುಂಬಿ ಕೂತಿತ್ತು, ಅದು ಇವರಿಗೂ ಗೊತ್ತಿತ್ತು. ಗಂಡಸರೆಲ್ಲ ಎಲೆ ಮುಂದೆ ಕೂತರು, ನಾನು ಮುದ್ದೆ ಬಡಿಸುತ್ತಿದ್ದೆ. ಚಿಕ್ಕಮಾವ ಮೂಳೆ ಚೀಪುತ್ತಾ ಶುರು ಮಾಡಿದರು, "ನಾಳೆ ನಿಂಗೆ ಎಡೆ ಇಡೋರು ಯಾರ್ಲಾ? ನಾನೇನೋ ಹೋಗ್ಬುಡ್ತೀನಿ, ಈ ಬಂಜೆ ಕಟ್ಕಂಡು..."

"ಚಿಕ್ಕಪ್ಪ, ನಿಲ್ಸಿ" ಅಂದರು ಇವರು. ತಲೆ ಎಲೆಯಿಂದ ಮೇಲೇಳಲಿಲ್ಲ. "ಅವಳಿಗೇನೂ ಆಗಿಲ್ಲ. ತೊಂದ್ರೆ ಇರೋದು ನಂಗೆ. ಆಪ್ರೇಷನ್ ಆಗಿದ್ದು ಹರ್ನಿಯಾಕ್ಕಲ್ಲ. ಬೀಜದ ಹತ್ರ ನರ ಉಬ್ಕಂಡಿತ್ತು, ಎಡಗಡೆ. ಅದಕ್ಕೇ ಮಕ್ಕಳಾಗ್ಲಿಲ್ಲ. ಇನ್ಮೇಲೆ ಅವಳನ್ನ ಯಾರೂ ಆ ಮಾತು ಅನ್ಬೇಡಿ."

ಅಡುಗೆಮನೆ ಬಾಗಿಲಲ್ಲಿ ಅತ್ತೆ ಸೆರಗು ಬಾಯಿಗಿಟ್ಟುಕೊಂಡು, "ಅಯ್ಯೋ ನನ್ನವ್ವ, ನಿಂಗೆ ಏನೇನ್ ಕುಡ್ಸ್‌ಬುಟ್ಟೆ" ಅಂತ ಅತ್ತರು. ಚಿಕ್ಕಮಾವ ಅರ್ಧ ಎಲೆಯಲ್ಲೇ ಕೈ ತೊಳೆದು ಎದ್ದು ಹೋದರು. ನಾನು ಚೀಲ ಬಿಚ್ಚಿದೆ. ಸಂತೋಷವಾಯಿತಾ ಅಂತ ಕೇಳಬೇಡಿ. ಒಂದು ನಿಮಿಷದ ಮಾತನ್ನು ಆರು ವರ್ಷ ಉಳಿಸಿಕೊಂಡಿದ್ದರಲ್ಲ ಅಂತ ಇನ್ನೂ ಉರಿಯಿತು.

ಆಮೇಲೆ ನಡೆದದ್ದು ತಮಾಷೆ. ತೋಟಕ್ಕೆ ಔಷಧಿ ಹೊಡೆಯುವ ಸ್ಪ್ರೇಯರ್ ಕೇಳುವ ನೆಪದಲ್ಲಿ ಗಂಡಸರು ಒಬ್ಬೊಬ್ಬರಾಗಿ ಬಂದರು. ಇವರ ಜೊತೆ ಕಾಫಿ ಸ್ಟೋರಿನ ಹಿಂದೆ ಹೋಗಿ ಪಿಸುಗುಟ್ಟಿ, ಸ್ಪ್ರೇಯರನ್ನು ಅಲ್ಲೇ ಮರೆತು ಹೋದರು. ಇವರು ಈಗ ಡಾಕ್ಟರ ನಂಬರನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲೇ ಇಟ್ಟುಕೊಂಡಿರುತ್ತಾರೆ.

ಕೊನೆಗೆ ಬಂದವರು ಚಿಕ್ಕಮಾವ. ಒಂದು ಶನಿವಾರ ಮಧ್ಯಾಹ್ನ, ಇವರು ತೋಟದಲ್ಲಿದ್ದಾಗ ಬಂದು ಜಗಲಿ ಮೇಲೆ ಕೂತರು. ನೀರು ಕೊಟ್ಟೆ. ಕುಡಿಯಲಿಲ್ಲ. ಲೋಟ ಪಕ್ಕಕ್ಕಿಟ್ಟು, "ಎಡಗಡೆನೇನಾ ಅದು ಬರೋದು?" ಅಂದರು.

"ಹೆಚ್ಚಾಗಿ ಎಡಗಡೆನೇ ಮಾವ."

"ಸಂಜೆ ಆದ್ರೆ ಭಾರ ಆಯ್ತದಾ?"

ನನಗೆ ಅರ್ಥವಾಯಿತು. ಹೂಂ ಅಂದೆ.

"ಹಂಗಾರೆ ಗಂಗಂದು ಏನೂ ಇರ್ಲಿಲ್ವಾ?"

"ಪರೀಕ್ಷೆ ಮಾಡದೆ ಹೆಂಗೆ ಹೇಳೋದು ಮಾವ? ಆವಾಗ ನೀವು ಹೇಳಿದ್ರಿ. ನಾನು ಹೇಳಲ್ಲ."

ಅವರ ಗಲ್ಲ ಅದುರಿತು. ಕನಿಕರ ಬರಬೇಕಿತ್ತು, ಬರಲಿಲ್ಲ. "ನೀನೂ ಬಾರವ್ವ ಹೊಂಗಡಹಳ್ಳಕ್ಕೆ, ಹೆಂಗಸ್ರು ಹೆಂಗಸ್ರು ಆದ್ರೆ ಹೇಳ್ಬೋದು" ಅಂದರು.

"ಬಿಟ್ಟು ಬರಕ್ಕೆ ಹೋದಾಗ ಯಾರನ್ನ ಕರ್ಕೊಂಡು ಹೋಗಿದ್ರಿ ಮಾವ? ಒಬ್ರೇ ಹೋಗಿ."

ಹೋದರು. ಮೂರು ದಿನ ಬಿಟ್ಟು, ಬಿಳಿ ಪಂಚೆ ಉಟ್ಟು, ಬೆಳಗಿನ ಬಸ್ಸಿಗೆ. ವಾಪಸು ಬಂದು ಇವರ ಹತ್ತಿರ ಹೇಳಿಕೊಂಡು ಅತ್ತರಂತೆ. ಗಂಗಮ್ಮ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡರಂತೆ. ಕೇಳಿ, "ನಿಮಗೆ ಈಗ ಗೊತ್ತಾಯ್ತಾ?" ಅಂದು, ಕೋಳಿಗೆ ಕಾಳು ಹಾಕಲು ಹಿತ್ತಲಿಗೆ ಹೋದರಂತೆ. ಮತ್ತೆ ಮುಂಬಾಗಿಲಿಗೆ ಬರಲಿಲ್ಲವಂತೆ. ವಾಪಸು ಬಸ್ಸಿಗೆ ಎರಡು ಗಂಟೆ ಇತ್ತಂತೆ. ಒಳಗೆ ಕರೆಯುವವರಿಲ್ಲದೆ ಚಿಕ್ಕಮಾವ ಅಷ್ಟು ಹೊತ್ತೂ ರಸ್ತೆಯಲ್ಲೇ ನಿಂತಿದ್ದರಂತೆ. "ಪಾಪ, ವಯಸ್ಸಾದೋರು, ಕೂರಕ್ಕೂ ಜಾಗ ಇರ್ಲಿಲ್ವಂತೆ" ಅಂದರು ಇವರು.

ನಿಲ್ಲಲಿ ಬಿಡಿ ಅಂದೆ.