ಉಪ್ಪುನೀರು ಕುಡಿದ ಮೋಟಾರು

ನಮ್ಮ ಮಿಸ್ತ್ರಿ ಯಂತ್ರದ ಸದ್ದನ್ನು ಹಲ್ಲಿನಿಂದ ಕೇಳುತ್ತಿದ್ದರು. ತಿರುಪುಳಿಯ ಮರದ ಹಿಡಿಯನ್ನು ಕಚ್ಚಿ, ಮೊನೆಯನ್ನು ಓಡುವ ಎಂಜಿನ್ನಿಗೆ ತಾಗಿಸಿ ಕಣ್ಣು ಮುಚ್ಚಿದರೆ, ಒಳಗೆ ಏನು ಸವೆದಿದೆಯೆಂಬುದು ಅವರ ದವಡೆಯ ಮೂಳೆಗೆ ತಿಳಿದುಬಿಡುತ್ತಿತ್ತು. ಕೊಳ್ಳೇಗಾಲದಲ್ಲಿ ಪಂಪ್‌ಸೆಟ್ಟು ರಿಪೇರಿ ಅವರ ಕಸುಬು.

ಅರವತ್ತರ ದಶಕದಲ್ಲಿ ಕಾವೇರಿಯ ಒಂದು ಕಡವಿನ ದೋಣಿ ಗುತ್ತಿಗೆ ನನ್ನದಾಗಿತ್ತು. ಹುಟ್ಟು ಹಾಕುವವರು ಬೇಡವೆಂದರೂ ಕೇಳದೆ, ಪುಸ್ತಕ ಓದಿ, ದೋಣಿಯ ಹಿಂಬದಿಗೆ ಸಿಕ್ಕಿಸುವ ಮೋಟಾರೊಂದನ್ನು ತರಿಸಿದ್ದೆ. ಕಳ್ಳರ ಭಯಕ್ಕೆ ಪ್ರತಿ ಸಂಜೆ ಅದನ್ನು ಕಳಚಿ ಮನೆಗೆ ಒಯ್ಯುತ್ತಿದ್ದೆ. ಒಂದು ಸಂಜೆ ಮಾತ್ರ ಸೋಮಾರಿತನದಿಂದ, ಆಚೆ ದಡಕ್ಕೆ ಸಾಗಿಸಲು ದೋಣಿಗೆ ಹೇರಿದ್ದ ಉಪ್ಪಿನ ಮೂಟೆಗಳ ಅಡಿಯಲ್ಲೇ ಬಚ್ಚಿಟ್ಟೆ. ಮಳೆ ಬಂತು. ಬೆಳಗಾಗುವಾಗ ದೋಣಿಯ ಹೊಟ್ಟೆ ತುಂಬ ಉಪ್ಪುನೀರು; ತಳದಲ್ಲಿ ಮೋಟಾರು. ಮೂರನೆಯ ದಿನ ತಹಸೀಲ್ದಾರರು ಕಡವು ನೋಡಲು ಬರುವವರಿದ್ದರು. ಮೋಟಾರು ದೋಣಿ ಓಡಿಸುತ್ತೇನೆಂದು ಅವರಿಗೆ ಬರೆದುಕೊಟ್ಟಿದ್ದೆ; ಅದು ಓಡದಿದ್ದರೆ ಗುತ್ತಿಗೆ ನನ್ನ ಕೈಬಿಡುತ್ತಿತ್ತು.

ಅದನ್ನು ಒರೆಸಿ ಬಿಸಿಲಿಗಿಟ್ಟು ಮಿಸ್ತ್ರಿಗೆ ಹೇಳಿ ಕಳುಹಿಸಿದೆ. ಬಂದವರು ಸೈಕಲ್ಲಿನಿಂದ ಇಳಿಯುವ ಮೊದಲೇ ಕೇಳಿದರು: "ಯಾರ್ ಸಾ ಇದ್ನ ಅಪ್ಪಳದಂಗೆ ಒಣಗಾಕಿರೋದು?"

"ನಾನೇ."

"ಎತ್ತಿ ಒಳೆಗಾಕಿ."

"ಮುಳುಗಿದ್ದನ್ನು ಮತ್ತೆ ಮುಳುಗಿಸುವುದೇ? ಯಾವ ಪುಸ್ತಕದಲ್ಲಿದೆ?"

"ನಮ್ಮವ್ವನ ಉಪ್ಪಿನಕಾಯಿ ಜಾಡೀಲದೆ. ಕಬ್ಣದ ಸಟುಗ ಒಳಗಿರೋಗಂಟ ಎಂಗೋ ಇರ್ತದೆ. ಆಚ್ಗೆ ತೆಗೆದಿಡಿ, ಬೆಳಿಗ್ಗೆಗೆ ತುಕ್ಕು. ಉಪ್ಪಿಗೂ ಗಾಳಿಗೂ ನೆಂಟಸ್ತಿಕೆ ಕಣ್ರಿ. ಸಿಹಿನೀರಲ್ಲಿ ಮಲಗ್ಸಿ, ನಾನು ಬಿಚ್ಚೋಗಂಟ ಗಾಳಿ ಮುಟ್ಟಕೂಡ್ದು."

ನಾನು ವಾದಿಸಿದೆ. ಅವರು ಸೈಕಲ್ಲು ತಿರುಗಿಸಿದರು. ಮೋಟಾರನ್ನು ಹೊಳೆಗೆ ಇಳಿಸಿದೆ.

ಹೊಳೆನೀರು ತುಂಬಿದ ಪೀಪಾಯಿಯಲ್ಲಿ ಅದು ಎತ್ತಿನ ಗಾಡಿಯೇರಿ ಅವರ ಅಂಗಡಿ ಸೇರಿತು. ಅಲ್ಲಿ ಒಂದೊಂದೇ ಭಾಗ ಬಿಚ್ಚಿ, ಕೊಡಗಟ್ಟಲೆ ಸಿಹಿನೀರು ಹುಯ್ದರು. ತೊಳೆದ ನೀರನ್ನು ನಾಲಗೆಗೆ ಹಚ್ಚಿ, ಉಪ್ಪು ಹತ್ತಿದರೆ ಮತ್ತೆ ಹುಯ್ದರು. ಆಮೇಲೆ ಸೀಮೆಎಣ್ಣೆ, ಕೊನೆಗೆ ಎಂಜಿನ್ ಎಣ್ಣೆ. ಕಿಡಿ ಹುಟ್ಟಿಸುವ ತಂತಿಯ ಸುರುಳಿಯನ್ನು ಪಕ್ಕದ ಮನೆಯಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದ ಒಲೆಯ ಬಳಿ, ಕೈಗೆ ಹಿತವೆನಿಸುವಷ್ಟು ದೂರದಲ್ಲಿ ಒಣಗಲು ಇಟ್ಟರು. ಎರಡನೆಯ ದಿನ ತಾಳಲಾರದೆ ನಾನು ಅದಕ್ಕೆ ಕೈ ಹಾಕಿದಾಗ ಸ್ಪ್ಯಾನರಿನಿಂದ ಮುಂಗೈಗೆ ತಟ್ಟಿದರು.

"ಬೇಯೋಗಂಟ ಕಾದೋರು, ಆರೋಗಂಟ ಕಾಯಕಾಗಲ್ವಾ?"

ಮೂರನೆಯ ಬೆಳಿಗ್ಗೆ ಕಡವಿನಲ್ಲಿ ಹಗ್ಗ ಎಳೆದೆ. ಸದ್ದಿಲ್ಲ. ಮತ್ತೆ ಮತ್ತೆ ಎಳೆದೆ. ದಡದಲ್ಲಿ ಕುಳಿತಿದ್ದ ಅಂಬಿಗನೊಬ್ಬ, "ಹುಟ್ಟು ತರ್ಲಾ ಸಾ?" ಎಂದು ನಕ್ಕ. ಅವನ ನಗೆ ಮುಗಿಯುವಷ್ಟರಲ್ಲಿ ಮೋಟಾರು ಕೆಮ್ಮಿತು, ಬಿಳಿ ಹೊಗೆ ಉಗುಳಿತು, ಓಡಿತು.

"ನಿಲ್ಲಿಸ್ಬೇಡಿ! ಒಳಗಿನ ತೇವ ಬಿಸಿಗೆ ಓಗ್ಲಿ," ಎಂದು ಮಿಸ್ತ್ರಿ ದಡದಿಂದಲೇ ಕೂಗಿದರು. ತಹಸೀಲ್ದಾರರು ಬಂದಾಗ ನಾನಿನ್ನೂ ನಡುಹೊಳೆಯಲ್ಲಿ ಸುತ್ತುತ್ತಿದ್ದೆ. ಗುತ್ತಿಗೆ ಉಳಿಯಿತು. ಮುಂದೆ ನಾನು ಉಂಡದ್ದೆಲ್ಲ ಆ ಮೋಟಾರಿನ ಅನ್ನ.

ಎಪ್ಪತ್ತರ ದಶಕದಲ್ಲಿ ಮಿಸ್ತ್ರಿ ತೀರಿಕೊಂಡರು. ಸಾವಿನ ಮನೆಯ ಜಗುಲಿಯಲ್ಲಿ ಜನ ನನ್ನ ಮೋಟಾರಿನ ಕಥೆಯನ್ನೇ ಹೇಳುತ್ತಿದ್ದರು: ಆ ವಿದ್ಯೆಯನ್ನು ಅವರು ಮದ್ರಾಸಿನ ಬಂದರಿನಲ್ಲಿ, ಹಡಗು ರಿಪೇರಿ ಮಾಡುತ್ತಾ ಕಲಿತರಂತೆ. ಕಣ್ಣಾರೆ ಕಾಣದ್ದನ್ನು ನಾನು ಒಪ್ಪುವವನಲ್ಲ. ಅಲ್ಲಗಳೆಯಲು ಎದ್ದೆ. ಅವರ ಹೆಂಡತಿ ಬಾಗಿಲ ಮರೆಯಿಂದ ಮೆಲ್ಲಗೆ ಹೇಳಿದರು: "ಬುಡಿ ಸಾ. ಕಡಲ ನೋಡ್ಬೇಕು ಅಂತ ಬಲು ಆಸೆ ಇತ್ತು ಅವರ್ಗೆ. ಮೆಟ್ಟೂರು ಅಣೆಕಟ್ಟೂ ದಾಟ್ನಿಲ್ಲ. ಈ ಜನಗಳ ಬಾಯಲ್ಲಾದ್ರೂ ನೋಡಿರ್ಲಿ."

ಜಗುಲಿಯಲ್ಲಿದ್ದ ಒಬ್ಬರು ನನ್ನತ್ತ ತಿರುಗಿದರು. "ನೀವು ಜೊತೇಲಿದ್ದೋರು, ನಿಜ ತಾನೆ ಸಾ?"

"ನಿಜ," ಎಂದೆ. "ಹತ್ತು ವರ್ಷ ಕಡಲ ಮೇಲೇ ಇದ್ದರಂತೆ."