ಕೋಗಿಲೆ ಸಿಸ್ಟರ್ಸ್ ಟಿವಿಗೆ ಹೋದ ವರ್ಷ

ಆಗೆಲ್ಲ ಮೂಡಿಗೆರೆಯಲ್ಲಿ ಪ್ರಸಿದ್ಧರಾಗುವುದೆಂದರೆ ಬಸ್‌ಸ್ಟ್ಯಾಂಡಿನ ಎದುರಿನ ಫೋಟೋ ಸ್ಟುಡಿಯೋದ ಗಾಜಿನ ಹಿಂದೆ ಕಾಣಿಸಿಕೊಳ್ಳುವುದು. ಎಂಬತ್ತರ ದಶಕ ಶುರುವಾಗಿ ಮೂರ್ನಾಲ್ಕು ವರ್ಷ ಕಳೆದಿತ್ತು. ಆ ಗಾಜಿನ ಹಿಂದೆ ಹೊಸ ಮದುಮಕ್ಕಳು, ಕಪ್ ಹಿಡಿದ ವಾಲಿಬಾಲ್ ತಂಡದವರು, ಅವರೆಲ್ಲರಿಗಿಂತ ದೊಡ್ಡ ಚೌಕಟ್ಟಿನಲ್ಲಿ ಒಂದೇ ಮೈಕಿನ ಮುಂದೆ ನಿಂತ ಮೂವರು ಹುಡುಗಿಯರು. ಒಂದೇ ಬಣ್ಣದ ನೈಲೆಕ್ಸ್ ಸೀರೆ, ಒಂದೇ ನಮೂನೆಯ ಪಫ್ ತೋಳು. ಎಡಗಡೆ ನಿಂತವಳು ನನ್ನ ಅಪ್ಪನ ಕಿರಿಯ ತಂಗಿ, ಗಿರಿಜತ್ತೆ. ಶಾಲೆಗೆ ಹೋಗುವಾಗ ನಾನು ದಿನಾ ಆ ಗಾಜಿನ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದೆ. ಅತ್ತೆಯನ್ನು ನೋಡಲಿಕ್ಕಲ್ಲ, ಅವಳು ಮನೆಯಲ್ಲೇ ಇರುತ್ತಿದ್ದಳು. ಬೇರೆ ಯಾರಾದರೂ ಅವಳನ್ನು ನೋಡುತ್ತಾರೋ ಎಂದು ನೋಡಲಿಕ್ಕೆ.

ಮೂವರೂ ಜೂನಿಯರ್ ಕಾಲೇಜಿನಲ್ಲಿ ಒಂದೇ ಬೆಂಚಿನವರು. ನಡುವೆ ನಿಲ್ಲುತ್ತಿದ್ದ ಶಮೀಮಕ್ಕ ಜೀಪ್ ಮೆಕ್ಯಾನಿಕ್ ಕರೀಂ ಸಾಬರ ಮಗಳು. ಬಲಗಡೆ ಗಿಟಾರ್ ಹಿಡಿದ ಲಿಲ್ಲಿಯಕ್ಕನ ತಂದೆ ಹತ್ತಿರದ ಎಸ್ಟೇಟ್ ಒಂದರಲ್ಲಿ ರೈಟರು, ಅಂದರೆ ಆಳುಗಳ ಹಾಜರಿ ಬರೆಯುವವರು. ಕಾಲೇಜ್ ಡೇ ದಿನ ಮೂವರೂ ಸೇರಿ ಒಂದು ಹಾಡು ಹಾಡಿದ್ದೇ ಶುರು. ಮುಂದಿನ ಗಣಪತಿ ಹಬ್ಬಕ್ಕೆ ಆಲ್ದೂರಿನವರು ಕರೆದರು, ರಾಜ್ಯೋತ್ಸವಕ್ಕೆ ಕಳಸದವರು ಕರೆದರು. ‘ಕೋಗಿಲೆ ಸಿಸ್ಟರ್ಸ್’ ಎಂದು ಹೆಸರಿಟ್ಟವರು ಆಲ್ದೂರಿನ ಗಣಪತಿ ಕಮಿಟಿಯವರು, ಬ್ಯಾನರ್ ಬರೆಸುವ ಅವಸರದಲ್ಲಿ. ನಮ್ಮ ಅಜ್ಜಿ ಅದನ್ನು ಓದಿಸಿಕೊಂಡು ಕೇಳಿ, “ಒಬ್ಬಳು ಲಿಂಗಾಯ್ತರ ಹುಡುಗಿ, ಒಬ್ಬಳು ಸಾಬರ ಹುಡುಗಿ, ಒಬ್ಬಳು ಕಿಲಸ್ತಾನದವ್ಳು. ಅದೆಂಗೆ ಸಿಸ್ಟರ್ಸ್ ಆಗ್ತಾರೆ?” ಎಂದಿದ್ದಳು. “ಹಾಡುವಷ್ಟು ಹೊತ್ತು ಆಗ್ತೀವಿ ಬಿಡವ್ವ” ಎಂದು ಅತ್ತೆ ನಕ್ಕಳು.

ಅಭ್ಯಾಸ ನಡೆಯುತ್ತಿದ್ದುದು ನಮ್ಮ ಅಂಗಡಿಯ ಮೇಲಿನ ಮಾಳಿಗೆಯಲ್ಲಿ. ತೋಟದವರಿಂದ ಕೊಂಡ ಮೆಣಸು, ಏಲಕ್ಕಿ ಚೀಲಗಳನ್ನು ಅಪ್ಪ ಅಲ್ಲಿ ಇಡುತ್ತಿದ್ದರು. ಮೆಣಸಿನ ಘಾಟಿಗೆ ಶಮೀಮಕ್ಕನಿಗೆ ಸೀನು ಬರುತ್ತಿತ್ತು. ಅವಳು ಸೀನಿ ಮುಗಿಸದೆ ಹಾಡು ಶುರುವಾಗುತ್ತಿರಲಿಲ್ಲ. ಲಿಲ್ಲಿಯಕ್ಕ ಎಸ್ಟೇಟಿನಿಂದ ಕಿತ್ತಳೆ ತರುತ್ತಿದ್ದಳು. ಅಜ್ಜಿ ಬೆಲ್ಲದ ಕಾಫಿ, ಒಗ್ಗರಣೆ ಅವಲಕ್ಕಿ ಮೇಲೆ ಕಳಿಸುತ್ತಿದ್ದಳು. ಇವತ್ತಿಗೂ ಕಿತ್ತಳೆ ಸಿಪ್ಪೆ ಮತ್ತು ಮೆಣಸಿನ ವಾಸನೆ ಒಟ್ಟಿಗೆ ಮೂಗಿಗೆ ಬಿದ್ದರೆ ಯಾರೋ ಹಾಡು ಶುರುಮಾಡುತ್ತಾರೆ ಅನ್ನಿಸುತ್ತದೆ.

ಅವರಿಗೆ ಹೆಸರು ತಂದ ಹಾಡೆಂದರೆ ಹೇಮಾವತಿಯದು. ಕಾಲೇಜಿನ ಕನ್ನಡ ಮೇಷ್ಟ್ರು ಬರೆದುಕೊಟ್ಟದ್ದು. ಜಾವಳಿಯಲ್ಲಿ ಹುಟ್ಟಿದ ಹೊಳೆ ಊರೂರು ದಾಟಿ ಬಯಲಿಗೆ ಇಳಿಯುವ ಹಾಡು. ಹೊಳೆಯ ಮಾತು ಶಮೀಮಕ್ಕನ ಪಾಲಿಗೆ, ದಡದಲ್ಲಿ ನಿಂತು ಅದನ್ನು ಪ್ರಶ್ನೆ ಕೇಳುವ ಗೆಳತಿಯರ ಮಾತು ಉಳಿದಿಬ್ಬರ ಪಾಲಿಗೆ. ಶಮೀಮಕ್ಕನ ದನಿ ಸಣ್ಣದು, ಆದರೆ ಮೇಲಕ್ಕೆ ಹೋದಷ್ಟೂ ಸಲೀಸಾಗುತ್ತಿತ್ತು. ಗಿರಿಜತ್ತೆಯ ದನಿ ಸಾಧಾರಣ, ಅದು ಅವಳಿಗೂ ಗೊತ್ತಿತ್ತು. ಹಾಡಿನ ಮಧ್ಯೆ ಜನರ ಜೊತೆ ಮಾತಾಡುತ್ತಿದ್ದವಳು ಮಾತ್ರ ಅವಳೇ. ಕಳಸದಲ್ಲಿ ಒಮ್ಮೆ ಕರೆಂಟು ಹೋದಾಗ, ಅದು ಬರುವವರೆಗೂ ಸುಮ್ಮನೆ ಮಾತಾಡುತ್ತಾ ಇಡೀ ಮೈದಾನವನ್ನು ಕೂರಿಸಿಕೊಂಡಿದ್ದಳಂತೆ.

ನಾವು ಬೀದಿಯ ಹುಡುಗಿಯರು ಆಗ ಕುಂಟೆಬಿಲ್ಲೆ ಬಿಟ್ಟು ಕೋಗಿಲೆ ಸಿಸ್ಟರ್ಸ್ ಆಟ ಆಡುತ್ತಿದ್ದೆವು. ಸೌಟೇ ಮೈಕು. ಶಮೀಮಕ್ಕ ಯಾರಾಗಬೇಕು ಎನ್ನುವುದಕ್ಕೆ ಜಗಳ. ನಾನು ಗಿರಿಜತ್ತೆಯ ಮನೆಯವಳೆಂದು ನನಗೆ ಯಾವಾಗಲೂ ಗಿರಿಜತ್ತೆಯ ಪಾತ್ರವನ್ನೇ ಕೊಡುತ್ತಿದ್ದರು. ನನಗದು ಅಷ್ಟೇನೂ ಇಷ್ಟವಾಗುತ್ತಿರಲಿಲ್ಲ.

ಆ ವರ್ಷ ಮಳೆಗಾಲ ಮುಗಿದ ಮೇಲೆ ಚಿಕ್ಕಮಗಳೂರಿನ ಒಂದು ಸಮಾರಂಭದಲ್ಲಿ ಇವರ ಹಾಡು ಕೇಳಿದ ಟಿವಿ ಅಧಿಕಾರಿಯೊಬ್ಬರು ಬೆಂಗಳೂರಿಗೆ ಕರೆಸಿದರು. ಯುವಜನರ ಕಾರ್ಯಕ್ರಮಕ್ಕೆ ಒಂದು ಹಾಡು, ಹೇಮಾವತಿಯದೇ. ಜೊತೆಗೆ ಅಪ್ಪ ಮತ್ತು ಶಮೀಮಕ್ಕನ ತಾಯಿ ಹೋದರು. ವಾಪಸು ಬಂದ ಮೇಲೆ ವಾರವಿಡೀ ಅದೇ ಮಾತು. ಲೈಟಿನ ಬಿಸಿಗೆ ಮುಖದ ಪೌಡರ್ ಕರಗುತ್ತಿತ್ತಂತೆ, ಗಿಟಾರಿನ ಮೇಲೆ ಬೆಳಕು ಹೊಳೆಯುತ್ತದೆಂದು ಅದಕ್ಕೂ ಪೌಡರ್ ಹಚ್ಚಿದರಂತೆ. ಶಮೀಮಕ್ಕನಿಗೆ ಎಲ್ಲಕ್ಕಿಂತ ವಿಚಿತ್ರವಾಗಿ ಕಂಡದ್ದು ಬೇರೆ. “ಎದುರಿಗೆ ಜನಾನೇ ಇಲ್ಲ ಮಾರಾಯ್ತಿ. ಯಾರಿಗೆ ಹಾಡೋದು ಅಂತ ಗೊತ್ತಾಗ್ಲಿಲ್ಲ” ಎಂದಳು. ಗಿರಿಜತ್ತೆ, “ಆ ಕ್ಯಾಮೆರಾದ ಗಾಜಿಗೆ ಹಾಡೋದು. ನಂಗೇನೂ ಕಷ್ಟ ಆಗ್ಲಿಲ್ಲ” ಎಂದಳು.

ನಮ್ಮ ಬೀದಿಗೆಲ್ಲ ಟಿವಿ ಇದ್ದದ್ದು ಕರೀಂ ಸಾಬರ ಗ್ಯಾರೇಜಿನಲ್ಲಿ ಮಾತ್ರ. ಯಾವುದೋ ಎಸ್ಟೇಟಿನವರು ಜೀಪ್ ಜೊತೆ ಕೊಟ್ಟುಹೋದ ಹಳೆಯ ಸೆಟ್ಟು. ನೀರಿನ ಪೈಪುಗಳನ್ನು ಬೆಸೆದು ಎತ್ತರದ ಕಂಬ ಮಾಡಿ ಅವರೇ ಆಂಟೆನಾ ನಿಲ್ಲಿಸಿದ್ದರು. ಕೆಲವು ಸಂಜೆ ಚಿತ್ರ ಬರುತ್ತಿತ್ತು, ಕೆಲವು ಸಂಜೆ ಬರೀ ಅಕ್ಕಿ ಸುರಿದಂಥ ಚುಕ್ಕಿ. ಹಾಡು ಬರುವ ದಿನ ಗ್ಯಾರೇಜಿನ ಜೀಪುಗಳನ್ನು ರಸ್ತೆಗೆ ತಳ್ಳಿ ಒಳಗೆ ಚಾಪೆ ಹಾಸಿದರು. ಗ್ರೀಸು, ಡೀಸೆಲ್ಲು, ಹೆಂಗಸರು ಮುಡಿದು ಬಂದ ಸೇವಂತಿಗೆ, ಎಲ್ಲ ಸೇರಿದ ವಾಸನೆ. ಲಿಲ್ಲಿಯಕ್ಕನ ಎಸ್ಟೇಟಿನಿಂದ ಒಂದು ಟ್ರ್ಯಾಕ್ಟರ್ ತುಂಬ ಜನ ಬಂದಿದ್ದರು. ಹಾಡುಗಾರ್ತಿಯರನ್ನು ಮುಂದೆ ಬೆಂಚಿನ ಮೇಲೆ ಕೂರಿಸಿದ್ದರು.

ಚಿತ್ರ ಬಂತು. ಮೊದಲು ಮೂವರೂ ಒಟ್ಟಿಗೆ ಕಂಡರು, ಜನ ಚಪ್ಪಾಳೆ ತಟ್ಟಿದರು. ಆಮೇಲೆ ಶಮೀಮಕ್ಕನ ಸಾಲು ಶುರುವಾಯಿತು. ದನಿ ಅವಳದೇ. ಆದರೆ ಪರದೆಯ ತುಂಬ ಗಿರಿಜತ್ತೆಯ ಮುಖ, ತುಟಿ ಮುಚ್ಚಿಕೊಂಡು ಮುಗುಳ್ನಗುತ್ತಿದ್ದ ಮುಖ. ಮುಂದಿನ ಸಾಲಿಗೆ ಒಂದು ಜಲಪಾತ ತೋರಿಸಿದರು. ಮತ್ತೆ ಗಿರಿಜತ್ತೆ. ಶಮೀಮಕ್ಕ ಒಬ್ಬಳೇ ಕಂಡದ್ದು ಒಮ್ಮೆ ಮಾತ್ರ, ಅದೂ ಅವಳು ಹಾಡಿ ಮುಗಿಸಿ ಉಸಿರು ಎಳೆದುಕೊಳ್ಳುವಾಗ.

ಹಾಡು ಮುಗಿದಾಗ ಹೊರಗೆ ಕಂಬ ಹಿಡಿದು ನಿಂತಿದ್ದ ಕರೀಂ ಸಾಬರು ಒಳಗೆ ಬಂದು, “ಹೆಂಗೆ ಕಂಡ್ಳು ನಮ್ ಶಮೀಮು?” ಎಂದು ಕೇಳಿದರು. ಆಂಟೆನಾ ತಿರುಗದಂತೆ ಹಿಡಿದುಕೊಂಡಿದ್ದರಿಂದ ಅವರು ಏನೂ ನೋಡಿರಲಿಲ್ಲ. ಅಪ್ಪ, “ಚೆನ್ನಾಗಿ ಕೇಳ್ತು ಸಾಬ್ರೆ, ಬಹಳ ಚೆನ್ನಾಗಿ ಕೇಳ್ತು” ಎಂದರು. ಶಮೀಮಕ್ಕ ಎಲ್ಲರಿಗೂ ಚಾ ತರಲು ಒಳಗೆ ಹೋದಳು. ಗಿರಿಜತ್ತೆ ತನ್ನ ಕೈಬೆರಳುಗಳನ್ನು ನೋಡುತ್ತಾ ಕೂತಿದ್ದಳು.

ಮಾರನೆಯ ದಿನದಿಂದ ನಮ್ಮ ಆಟದಲ್ಲಿ ಎಲ್ಲರಿಗೂ ಗಿರಿಜತ್ತೆಯೇ ಆಗಬೇಕಿತ್ತು.

ಸ್ವಲ್ಪ ದಿನಕ್ಕೆ ನಮ್ಮ ಅಂಗಡಿಗೆ ಟ್ರಂಕ್ ಕಾಲ್ ಬಂತು. ಅದೇ ಯುವಜನರ ಕಾರ್ಯಕ್ರಮವನ್ನು ವಾರವಾರ ನಡೆಸಿಕೊಡಲು ಒಬ್ಬ ಹುಡುಗಿ ಬೇಕು, ಗಿರಿಜಾ ಬಂದರೆ ಒಳ್ಳೆಯದು ಎಂದು ಆ ಅಧಿಕಾರಿ ಹೇಳಿದರು. ಅಪ್ಪ ರಾತ್ರಿ ಊಟಕ್ಕೆ ಕೂತಾಗ ವಿಷಯ ಹೇಳಿದರು. ಅಜ್ಜಿ ರೊಟ್ಟಿ ಹಾಕುತ್ತಿದ್ದವಳು, “ಹಾಡಕ್ಕಾದ್ರೆ ಹೋಗ್ಲಿ ಅನ್ನಬಹುದು. ಬರೀ ಮಾತಾಡಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಇಲ್ಲೇ ಬೇಕಾದಷ್ಟು ಮಾತಾಡ್ತಾಳೆ” ಎಂದಳು.

“ಮೊದ್ಲು ಮಾತು, ಆಮೇಲೆ ಹಾಡೂ ಕೊಡ್ತಾರಂತೆ” ಎಂದಳು ಅತ್ತೆ.

“ಹಂಗಂತ ಹೇಳಿದ್ರಾ?” ಅಪ್ಪ ಕೇಳಿದರು.

“ಹೇಳಿಲ್ಲ ಅಣ್ಣ. ಕೊಡಬಹುದು.”

ಅಪ್ಪ ಬೇಡ ಎನ್ನಲಿಲ್ಲ. ಬೆಂಗಳೂರಿನಲ್ಲಿ ಅಜ್ಜಿಯ ತಂಗಿಯ ಮನೆಯಿತ್ತು. ಆದರೆ ಆ ತಿಂಗಳ ಕೊನೆಗೆ ಕಳಸದಲ್ಲಿ ಕೋಗಿಲೆ ಸಿಸ್ಟರ್ಸ್ ಕಾರ್ಯಕ್ರಮ ಒಪ್ಪಿಕೊಂಡಾಗಿತ್ತು. ಟಿವಿಯವರು ಅದಕ್ಕೂ ಮೊದಲೇ ಬರಬೇಕೆಂದಿದ್ದರು. ಮರುದಿನ ಮಧ್ಯಾಹ್ನ ಅತ್ತೆ ನನ್ನನ್ನೂ ಕರೆದುಕೊಂಡು ಶಮೀಮಕ್ಕನ ಮನೆಗೆ ಹೋದಳು. ಲಿಲ್ಲಿಯಕ್ಕ ಅಲ್ಲೇ ಇದ್ದಳು. ಸುದ್ದಿ ಆಗಲೇ ಮುಟ್ಟಿತ್ತು. ಶಮೀಮಕ್ಕನ ತಾಯಿ ನನ್ನ ಕೈಗೆ ಒಂದು ಖಾರಿ ಬಿಸ್ಕತ್ತು ಕೊಟ್ಟು ಮೂಲೆಯ ಮಣೆಯ ಮೇಲೆ ಕೂರಿಸಿದರು.

“ನೀನು ಹೋದ್ರೆ ಇಬ್ರು ಉಳೀತೀವಿ. ಇಬ್ರು ಸೇರಿ ಎಂಥ ಸಿಸ್ಟರ್ಸ್?” ಲಿಲ್ಲಿಯಕ್ಕ ಕೇಳಿದಳು.

“ಬೇಡ ಅಂದ್ರೆ ಹೋಗಲ್ಲ” ಎಂದಳು ಅತ್ತೆ.

“ನಾವು ಬೇಡ ಅಂದ್ರೆ ಉಳೀತೀಯ. ಆಮೇಲೆ ಜನ್ಮ ಪೂರ್ತಿ ನಮ್ಮ ಮುಖ ನೋಡಿದಾಗೆಲ್ಲ ಅದು ನೆನಪಾಗುತ್ತೆ ನಿಂಗೆ.”

ಶಮೀಮಕ್ಕ ಪಕ್ಕದಲ್ಲಿ ಕೂತು ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಅತ್ತೆ ಅವಳನ್ನೇ ನೋಡಿ, “ಶಮ್ಮಿ, ಆವತ್ತು ನಿನ್ನ ಸಾಲಿಗೆ ನನ್ನ ಮುಖ ತೋರಿಸಿದ್ದು ನಾನು ಹೇಳಿ ಮಾಡಿಸಿದ್ದಲ್ಲ” ಎಂದಳು.

“ಗೊತ್ತು ಮಾರಾಯ್ತಿ. ನೀನು ಹೇಳಿ ಮಾಡ್ಸಿದ್ರೆ ನಾನು ಜಗಳ ಆಡಬಹುದಿತ್ತು.” ಮಡಿಸಿದ ಬಟ್ಟೆ ಬದಿಗಿಟ್ಟಳು. “ಹೋಗು. ಕ್ಯಾಮೆರಾ ಮುಂದೆ ನಂಗೆ ಆಗಲ್ಲ, ನಿಂಗೆ ಆಗುತ್ತೆ. ಆಗುವವರು ಹೋಗ್ಬೇಕು.”

ಅತ್ತೆ ಅತ್ತಳು. ಶಮೀಮಕ್ಕ ಅಳಲಿಲ್ಲ. ಲಿಲ್ಲಿಯಕ್ಕ ಎದ್ದು ಹಿತ್ತಲಿಗೆ ಹೋಗಿ ಅತ್ತೆ ಹೊರಡುವವರೆಗೂ ಒಳಗೆ ಬರಲಿಲ್ಲ.

ಕಳಸದ ಕಾರ್ಯಕ್ರಮಕ್ಕೆ ಇಬ್ಬರೇ ಹೋದರು. ಜನ ಗಿರಿಜಾ ಎಲ್ಲಿ ಎಂದು ಕೇಳಿದರಂತೆ. ಟಿವಿಯಲ್ಲಿದ್ದಾಳೆ ಎಂದಾಗ ಎಲ್ಲರಿಗೂ ಖುಷಿಯಾಯಿತಂತೆ.

ನಾವು ವಾರವಾರ ಗ್ಯಾರೇಜಿನಲ್ಲಿ ಅತ್ತೆಯನ್ನು ನೋಡುತ್ತಿದ್ದೆವು. ಚಿತ್ರ ಬಂದ ದಿನ ಅವಳು ಒಂದು ಹೂದಾನಿಯ ಪಕ್ಕ ಕೂತು, “ನಮಸ್ಕಾರ, ಇಂದಿನ ಕಾರ್ಯಕ್ರಮದಲ್ಲಿ” ಎಂದು ಶುರುಮಾಡುತ್ತಿದ್ದಳು. ಮನೆಯಲ್ಲಿ ಯಾವತ್ತೂ ಆಡದಂಥ ಕನ್ನಡ, ಒಂದಕ್ಷರವೂ ಎಡವದಂಥದ್ದು. ಅಜ್ಜಿ ಪರದೆಗೆ ಕೈಮುಗಿದು ಪ್ರತಿನಮಸ್ಕಾರ ಮಾಡುತ್ತಿದ್ದಳು. ನಾವು ಬೀದಿಯ ಹುಡುಗಿಯರು ಸೌಟು ಬಿಟ್ಟು, ಚಹಾಪುಡಿಯ ಖಾಲಿ ಪೆಟ್ಟಿಗೆಯ ಹಿಂದೆ ಕೂತು ನಮಸ್ಕಾರ ಹೇಳುವ ಆಟ ಶುರುಮಾಡಿದೆವು. ಅದಕ್ಕೆ ಒಬ್ಬಳು ಸಾಕಾಗುತ್ತಿತ್ತು. ಉಳಿದವರು ಎದುರಿಗೆ ಕೂತು ನೋಡಬೇಕಿತ್ತು. ಹಾಗಾಗಿ ಆ ಆಟ ಬಹಳ ದಿನ ನಡೆಯಲಿಲ್ಲ.

ಮುಂದಿನ ವರ್ಷ ಗಣಪತಿಗೆ ಅತ್ತೆ ಊರಿಗೆ ಬಂದಳು. ಕೂದಲು ಭುಜದವರೆಗೆ ಕತ್ತರಿಸಿದ್ದಳು. ಆಲ್ದೂರಿನವರು ಈ ಸಲ ಅವಳನ್ನು ಮುಖ್ಯ ಅತಿಥಿ ಮಾಡಿ, ಹಾರ ಹಾಕಿ, ವೇದಿಕೆಯ ಕುರ್ಚಿಯಲ್ಲಿ ಕೂರಿಸಿದರು. ಹಾಡುವವರನ್ನು ಪರಿಚಯ ಮಾಡಿಕೊಡಿ ಎಂದು ಮೈಕು ಕೊಟ್ಟರು. ಅತ್ತೆ ಶಮೀಮಕ್ಕ ಮತ್ತು ಲಿಲ್ಲಿಯಕ್ಕನ ಹೆಸರನ್ನು ಟಿವಿಯಲ್ಲಿ ಹೇಳಿದ ಹಾಗೇ ಹೇಳಿದಳು. ಜನ ಬಿಡದೆ ಮೂವರೂ ಹಾಡಬೇಕೆಂದು ಕೂಗಿದಾಗ ಎದ್ದು ತನ್ನ ಹಳೆಯ ಜಾಗದಲ್ಲಿ ನಿಂತಳು. ಹೇಮಾವತಿಯ ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಅವಳ ದನಿ ಒಡೆಯಿತು. ಅವಳು ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದು ಬರೀ ತುಟಿ ಆಡಿಸಿದಳು. ಕೆಳಗಿದ್ದವರಿಗೆ ಗೊತ್ತಾಗಲಿಲ್ಲ. ವೇದಿಕೆಯ ಪಕ್ಕದಲ್ಲಿದ್ದ ನನಗೆ ಗೊತ್ತಾಯಿತು, ಅವಳ ಜೊತೆ ಹಾಡುತ್ತಿದ್ದ ಲಿಲ್ಲಿಯಕ್ಕನಿಗೂ ಗೊತ್ತಾಯಿತು. ಲಿಲ್ಲಿಯಕ್ಕ ದನಿ ಎತ್ತರಿಸಿ ಇಬ್ಬರ ಪಾಲನ್ನೂ ಹಾಡಿಬಿಟ್ಟಳು. ಇಳಿದು ಬಂದ ಮೇಲೆ ಅತ್ತೆ ಅವಳ ಕೈ ಹಿಡಿದುಕೊಂಡಳು. ಅವರಿಬ್ಬರ ಮುನಿಸು ಮುಗಿದದ್ದು ಅವತ್ತೇ. ಮೂವರೂ ಒಟ್ಟಿಗೆ ಹಾಡಿದ್ದೂ ಅವತ್ತೇ ಕೊನೆ.

“ಹಾಡು ಕೊಡ್ಲಿಲ್ವಾ ಅತ್ತೆ ಅವ್ರು?” ವಾಪಸು ಬರುವಾಗ ಜೀಪಿನಲ್ಲಿ ಕೇಳಿದೆ.

“ಹಾಡುವವರು ಬೇಕಾದಷ್ಟು ಜನ ಬರ್ತಾರೆ ಪುಟ್ಟಿ. ಅವರ ಹೆಸರು ಹೇಳೋದು ನನ್ನ ಕೆಲಸ” ಎಂದಳು. ಬೇಸರದಿಂದ ಹೇಳಲಿಲ್ಲ. ಆ ಕೆಲಸ ಅವಳಿಗೆ ಇಷ್ಟವೇ ಆಗಿತ್ತು.

ಲಿಲ್ಲಿಯಕ್ಕ ಮದುವೆಯಾಗಿ ಮಂಗಳೂರಿನ ಕಡೆ ಹೋದಳು, ಕೆಲವು ವರ್ಷಗಳ ಹಿಂದೆ ತೀರಿಕೊಂಡಳು. ಶಮೀಮಕ್ಕ ಹಾಸನದಲ್ಲಿ ಮೊಮ್ಮಕ್ಕಳೊಂದಿಗೆ ಇದ್ದಾಳೆ. ಗಿರಿಜತ್ತೆ ಬಹಳ ವರ್ಷ ಟಿವಿಯಲ್ಲಿದ್ದು ನಿವೃತ್ತಳಾದಳು. ಈಗಲೂ ಬಸ್ಸಿನಲ್ಲಿ ವಯಸ್ಸಾದವರು ಅವಳ ದನಿ ಗುರುತು ಹಿಡಿಯುತ್ತಾರಂತೆ.

ಈಚೆಗೆ ಅವಳನ್ನು ಆ ಹಾಡಿನ ಟೇಪು ಎಲ್ಲಾದರೂ ಸಿಕ್ಕೀತೇ ಎಂದು ಕೇಳಿದೆ. “ಆಗೆಲ್ಲ ಒಂದೇ ಟೇಪಿನ ಮೇಲೆ ಮತ್ತೆ ಮತ್ತೆ ರೆಕಾರ್ಡ್ ಮಾಡ್ತಿದ್ರು. ನಾನು ಸೇರಿದ ವರ್ಷವೇ ಹುಡುಕಿದ್ದೆ, ಇರಲಿಲ್ಲ” ಎಂದಳು. ಹಾಗಾದರೆ ನೀನೇ ಹಾಡು ಎಂದೆ. ಅವಳು ಹಾಡಿನ ಸಾಲುಗಳನ್ನು ಒಂದೂ ಬಿಡದೆ, ಸ್ಪಷ್ಟವಾಗಿ ಓದಿದಂತೆ ಹೇಳಿದಳು. ರಾಗ ಹತ್ತಿರವೂ ಸುಳಿಯಲಿಲ್ಲ. “ಶಮ್ಮಿಗೆ ಫೋನ್ ಮಾಡು” ಎಂದಳು.

ಮಾಡಿದೆ. ಶಮೀಮಕ್ಕ ಮೊದಲು ನಕ್ಕಳು, ಗಂಟಲು ಹೋಗಿದೆ ಎಂದಳು, ಆಮೇಲೆ ಹಾಡಿದಳು. ದನಿ ಒರಟಾಗಿತ್ತು, ರಾಗ ಹಾಗೇ ಇತ್ತು. ಹೊಳೆಯ ಸಾಲು ಮುಗಿದು ಗೆಳತಿಯರು ಪ್ರಶ್ನೆ ಕೇಳುವ ಜಾಗ ಬಂತು. ಅಲ್ಲಿ ಅವಳು ನಿಲ್ಲಿಸಿದಳು. ಫೋನ್ ಕಟ್ಟಾಯಿತೆಂದುಕೊಂಡು ನಾನು “ಹಲೋ” ಎನ್ನುವಷ್ಟರಲ್ಲಿ, ಆ ಇಬ್ಬರೂ ಹಾಡಿ ಮುಗಿಸಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ಬಿಟ್ಟು, ಸರಿಯಾಗಿ ತನ್ನ ಮುಂದಿನ ಸಾಲಿಗೆ ಬಂದಳು. ಹಾಡು ಮುಗಿಯುವವರೆಗೂ ಹಾಗೆಯೇ ಮಾಡಿದಳು.

“ನಡುವಿನದು ಯಾಕೆ ಬಿಟ್ಟೆ ಶಮೀಮಕ್ಕ?” ಎಂದು ಕೇಳಿದೆ.

“ಅದು ನಂಗೆ ಬರಲ್ಲ ಕಣೆ. ಅದು ಅವರಿಬ್ರದ್ದು” ಎಂದಳು.