ಶಿವಲೀಲಾ ಅವರ ಕಾರಿಗೆ ಕರೆಂಟು ಸಾಕೇ?

ಯಲಬುರ್ಗಾದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮನೆಯ ಕಟ್ಟೆಯ ಮೇಲೆ ನಿಂತು ಶಿವಲೀಲಾ ಒಂದು ಕಪ್ ಚಹಾ, ಅದರ ಬೆನ್ನಿಗೇ ಒಂದು ತಂಬಿಗೆ ನೀರು ಗಟಗಟನೆ ಮುಗಿಸುತ್ತಾರೆ. ಮಧ್ಯಾಹ್ನ ಮನೆಗೆ ಮರಳುವತನಕ ಇನ್ನು ಹನಿ ನೀರು ಮುಟ್ಟುವುದಿಲ್ಲ. ಇದು ವ್ರತವಲ್ಲ, ಹರಕೆಯೂ ಅಲ್ಲ. ಇವರ ಕಾರಿನಲ್ಲಿ ಕೂರುವ ಮೂವರಿಗೂ ನೀರನ್ನು ಅಳೆದು ಕುಡಿಯಿರಿ ಎಂದು ಡಾಕ್ಟರು ಹೇಳಿದ್ದಾರೆ. “ಅವರು ತುಟಿ ಒಣಗಿಸ್ಕೊಂಡು ಕುಂತಿರ್ತಾರ. ನಾ ಬಾಟ್ಲಿ ಎತ್ತಿದ್ರ ಗಂಟಲದಾಗ ಇಳೀತೈತೇನ್ರಿ?” ಎನ್ನುತ್ತ ಸೀಟಿನ ಮೇಲಿನ ತಲೆದಿಂಬು ಸರಿಪಡಿಸುತ್ತಾರೆ.

ವಾರಕ್ಕೆ ಮೂರು ದಿನ ಇವರ ಹಳೆಯ ಡೀಸೆಲ್ ಕಾರು ಸುತ್ತಲಿನ ಹಳ್ಳಿಗಳ ಮೂವರು ಕಿಡ್ನಿ ರೋಗಿಗಳನ್ನು ಕೊಪ್ಪಳದ ಡಯಾಲಿಸಿಸ್ ಕೇಂದ್ರಕ್ಕೆ ಮುಟ್ಟಿಸುತ್ತದೆ. ಅಲ್ಲಿ ನಾಲ್ಕು ತಾಸು ಯಂತ್ರದ ಕೆಲಸ. ಅಷ್ಟು ಹೊತ್ತೂ ಹೊರಗೆ ಕಾದು, ಮತ್ತೆ ಒಬ್ಬೊಬ್ಬರನ್ನೇ ಅವರವರ ಬಾಗಿಲಿಗೆ ಇಳಿಸಬೇಕು. ಕೂಲಿ ಮಾಡಿಕೊಂಡಿದ್ದ ಮಾರೆವ್ವ ಮುಂದಿನ ಸೀಟಿನಲ್ಲಿ, ಶಾಲೆಯ ಜವಾನರಾಗಿ ನಿವೃತ್ತರಾದ ವಿರುಪಣ್ಣ ಮತ್ತು ಹೊಲಿಗೆಯ ಶಾಹಜಾದಬಿ ಹಿಂದೆ. ಹೋಗುವಾಗ ಯಾರ ಬಾಯಲ್ಲೂ ಮಾತಿಲ್ಲ. ಬರುವಾಗ ಮೈಯಲ್ಲಿ ತ್ರಾಣವಿಲ್ಲದಿದ್ದರೂ ವಿರುಪಣ್ಣನ ಚೇಷ್ಟೆಗೆ ಮಾತ್ರ ಬಿಡುವಿಲ್ಲ.

ಶಿವಲೀಲಾ ಸ್ಟಿಯರಿಂಗ್ ಹಿಡಿದದ್ದು ಅತ್ತೆಗಾಗಿ. ಅತ್ತೆಗೆ ಡಯಾಲಿಸಿಸ್ ಶುರುವಾದಾಗ ಬಾಡಿಗೆ ಕಾರಿನವರು ಹೇಳುವ ದರ ಕೇಳಿಯೇ ಎದೆ ಒಡೆದಂತಾಗುತ್ತಿತ್ತು. ಗಂಡ ಕಲ್ಲೇಶ ಹಿಟ್ಟಿನ ಗಿರಣಿ ಬಿಟ್ಟು ಬರುವಂತಿರಲಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಂಡು, ಸೊಸೆಯೇ ಡ್ರೈವಿಂಗ್ ಕಲಿತರು. ಖಾಲಿ ಸೀಟಿಗೆ ಇನ್ನಿಬ್ಬರು ಜೊತೆಯಾದರು. ಅತ್ತೆ ತೀರಿಕೊಂಡ ಮೇಲೆ ಕಾರು ಮಾರಿಬಿಡುವುದೆಂದು ಮಾತಾಗಿತ್ತು. ದಿನಕರ್ಮ ಮುಗಿದ ಸಂಜೆ ಶಾಹಜಾದಬಿಯ ಫೋನು ಬಂತು: “ಶಿವಲೀಲಾ, ನಾಳಿಗಿ ಬರ್ತಿಯಲ್ಲ?” ಇಲ್ಲ ಅನ್ನಲು ಇವರಿಗೆ ಬಾಯಿ ಬರಲಿಲ್ಲ. ಅತ್ತೆಯ ಸೀಟಿಗೆ ಮಾರೆವ್ವ ಬಂದರು.

ಆದರೆ ಕಾರಿಗೂ ವಯಸ್ಸಾಗಿದೆ. ಊರೂರು ಸುತ್ತಿ ಕೊಪ್ಪಳಕ್ಕೆ ಹೋಗಿ ಬರಲು ನೂರು ಕಿಲೋಮೀಟರ್ ಮೀರುತ್ತದೆ. ಡೀಸೆಲ್ಲಿಗೇ ಆರು ನೂರು ಚಿಲ್ಲರೆ, ಗ್ಯಾರೇಜಿನ ಖರ್ಚು ಬೇರೆ. ದರ ಸ್ವಲ್ಪ ಏರಿಸದೆ ಗತಿಯಿಲ್ಲ ಎಂದು ಶಿವಲೀಲಾ ಹಿಂಜರಿಯುತ್ತಲೇ ಹೇಳಿದ ದಿನ, ಮಾರೆವ್ವ ಕಾರಿನಿಂದಿಳಿದು ಮೆಲ್ಲಗೆ ಅಂದರು: “ಇನ್ನ ಶನಿವಾರ ನಮ್ಮ ಓಣಿಗಿ ಬರಬ್ಯಾಡವ್ವ. ವಾರಕ್ಕ ಎರಡಾದ್ರ ನನಗ ಸಾಕಾಗತೈತಿ.” ಸಾಕಾಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತು. ಹಿಂದೊಮ್ಮೆ ಸರದಿ ತಪ್ಪಿಸಿ, ಉಸಿರು ಕಟ್ಟಿ, ಆಸ್ಪತ್ರೆ ಸೇರಿ ಬಂದ ಜೀವ ಅದು.

ಎಲೆಕ್ಟ್ರಿಕ್ ಕಾರಿನ ವಿಚಾರ ಹುಟ್ಟಿದ್ದು ಅಲ್ಲಿಂದ. ಅಷ್ಟೇ ದಾರಿಗೆ ಕರೆಂಟಿನ ಖರ್ಚು ನೂರೈವತ್ತು ದಾಟುವುದಿಲ್ಲವಂತೆ. ಉಳಿದದ್ದರಲ್ಲಿ ಕಂತು ತುಂಬುತ್ತಾ ಹೋದರೆ ದರ ಏರಿಸುವುದೇ ಬೇಡ. ಕಲ್ಲೇಶ ಮಾತ್ರ ಸುತಾರಾಂ ಒಪ್ಪಲಿಲ್ಲ. “ಜ್ವಾಳ ಬೀಸಾಕ ಕರೆಂಟ್ ಹೊತ್ತಿಗಿ ಸಿಗೂದಿಲ್ಲ. ಅದನ್ನ ನಂಬಿ ರೋಗಿಗಳ್ನ ಕುಂಡ್ರಿಸ್ಕೊಂಡು ಹೊಕ್ಕೀಯೇನು? ನಡು ದಾರ್‍ಯಾಗ ನಿಂತ್ರ?” ಗಿರಣಿಯವನ ಮಾತು ತೆಗೆದುಹಾಕುವಂಥದ್ದಲ್ಲ.

ಓಡಿಸಿಯೇ ನೋಡೋಣವೆಂದು ಶಿವಲೀಲಾ ಕುಷ್ಟಗಿಯಲ್ಲಿ ಬೀಜದ ಅಂಗಡಿ ಇಟ್ಟಿರುವ ಸಂಬಂಧಿ ಅಂದಪ್ಪನವರ ಎಲೆಕ್ಟ್ರಿಕ್ ಕಾರನ್ನು ಒಂದು ದಿನಕ್ಕೆ ಬೇಡಿ ತಂದರು. ಮೇ ತಿಂಗಳ ಬಿಸಿಲು. ಬೆಳಗಿನ ತಂಪಿನಲ್ಲಿ ಸುಖವಾಗಿಯೇ ಹೋದರು. ಮರಳುವಾಗ ಸ್ಕ್ರೀನಿನ ಮೇಲೆ ಚಾರ್ಜಿನ ಅಂಕಿ ಇಳಿಯುವುದನ್ನು ಕಂಡು ಶಿವಲೀಲಾ ಮೆಲ್ಲಗೆ ಎ.ಸಿ. ಆರಿಸಿದರು. ಯಾರೂ ತುಟಿ ಬಿಚ್ಚಲಿಲ್ಲ. ವಿರುಪಣ್ಣ ಕೂಡ ಸುಮ್ಮನೆ ಟವೆಲಿನಲ್ಲಿ ಬೆವರು ಒರೆಸಿಕೊಂಡರು. ದಾರಿಯ ಮೇಲಿನ ಕುಕನೂರು ಇನ್ನೂ ದೂರವಿರುವಾಗ ಮಾರೆವ್ವನ ತಲೆ ಪಕ್ಕಕ್ಕೆ ವಾಲಿತು.

ಬೇವಿನ ಮರದ ನೆರಳಿಗೆ ಕಾರು ನಿಲ್ಲಿಸಿ, ಎ.ಸಿ. ಹಾಕಿ, ಹಣೆಗೆ ಒದ್ದೆ ಬಟ್ಟೆ ಒತ್ತಿದ ಮೇಲೆ ಅವರು ಕಣ್ಣು ಬಿಟ್ಟರು. ಶಿವಲೀಲಾ ಅಳುತ್ತ ಜೋರು ಮಾಡಿದರು: “ಶೆಕಿ ಆಗ್ತೈತಿ ಅಂತ ಹೇಳಾಕೇನಾಗಿತ್ತು ಚಿಗವ್ವಾ?” ಉತ್ತರ ಕೊಟ್ಟವರು ಶಾಹಜಾದಬಿ. “ಚಾರ್ಜ್ ಉಳೀಲಿ, ಅಂದ್ರ ಶಿವಲೀಲಾ ಗಾಡಿ ತಗೋತಾಳ, ಯಾರೂ ಪಿಟ್ಟ ಅನಬ್ಯಾಡ್ರಿ ಅಂತ ಈ ಮಾರೆವ್ವನೇ ನಮ್ಮ ಕಡಿಂದ ಮಾತು ತಗೊಂಡಾಳ.” ಎಲ್ಲರನ್ನೂ ಇಳಿಸಿ ಮನೆ ಮುಟ್ಟಿದಾಗ ಬ್ಯಾಟರಿಯಲ್ಲಿ ಇನ್ನೂ ಮೂರರಲ್ಲೊಂದು ಪಾಲು ಚಾರ್ಜು ಹಾಗೇ ಇತ್ತು. ಆ ದಿನವನ್ನು ನೆನೆದಾಗೆಲ್ಲ ಶಿವಲೀಲಾ ಈಗಲೂ ಅನ್ನುತ್ತಾರೆ: “ಬ್ಯಾಟರಿ ಉಳಿಸಾಕ ಹೋಗಿ ಮನಿಷಾರ್ನ ಬಾಡಿಸಿದೆ ನೋಡ್ರಿ.”

ಹೆಂಡತಿ ಉಣ್ಣದೆ ಕೂತದ್ದು ಕಂಡು ಕಲ್ಲೇಶ ಕರಗಿದರು. ಗಿರಣಿಯವನಿಗೆ ಕರೆಂಟಿನ ಮರ್ಜಿಯೂ ಗೊತ್ತು, ಮದ್ದೂ ಗೊತ್ತು. ಕೊಪ್ಪಳಕ್ಕೆ ಹೋಗಿ ಕೇಂದ್ರದ ಎದುರಿನ ಝೆರಾಕ್ಸ್ ಅಂಗಡಿಯಾಕೆಯ ಜೊತೆ ಮಾತಾಡಿ, ದಪ್ಪ ವೈರೆಳೆದು, ದೊಡ್ಡ ಪ್ಲಗ್ಗು ಕೂರಿಸಿ, ಪಕ್ಕದಲ್ಲೊಂದು ಮೀಟರನ್ನೂ ಇಟ್ಟು ಬಂದರು. ಸುಟ್ಟಷ್ಟು ಯೂನಿಟ್ಟಿಗೆ ದುಡ್ಡು. ಒಳಗೆ ಮೂವರು ಯಂತ್ರಕ್ಕೆ ಹತ್ತಿರುವ ನಾಲ್ಕು ತಾಸು ಹೊರಗೆ ಕಾರೂ ಚಾರ್ಜಿಗೆ ನಿಂತಿರುತ್ತದೆ. ಅಂದಪ್ಪನವರ ಕಾರನ್ನೇ ಇನ್ನೊಮ್ಮೆ ತಂದು, ದಾರಿಯುದ್ದಕ್ಕೂ ಎ.ಸಿ. ಹಾಕಿಕೊಂಡೇ ಹೋಗಿ ಬಂದರು. ಚಾರ್ಜು ಅರ್ಧಕ್ಕಿಂತ ಕೆಳಗಿಳಿಯಲಿಲ್ಲ. ವಿರುಪಣ್ಣ ಚಳಿ ಚಳಿ ಎಂದು ಇಡೀ ದಾರಿ ಗೋಳಾಡಿದರು.

ಮೊನ್ನೆ ಡಯಾಲಿಸಿಸ್ ಮುಗಿಸಿದ ಮೂವರನ್ನೂ ಕರೆದುಕೊಂಡು ಶಿವಲೀಲಾ ಕೊಪ್ಪಳದ ಶೋರೂಮಿಗೆ ಹೋಗಿದ್ದಾರೆ. ಟೈ ಕಟ್ಟಿದ ಹುಡುಗ ಬ್ಯಾಟರಿಯ ವಾರಂಟಿ, ಮೊಬೈಲಿನಿಂದಲೇ ತೆರೆಯುವ ಬಾಗಿಲು ಎಂದು ವರ್ಣಿಸುತ್ತಿದ್ದಾನೆ. ಇವರದು ಒಂದೇ ಪ್ರಶ್ನೆ: “ಮುಂದಿನ ಸೀಟು ಎಷ್ಟು ಹಿಂದಕ ಮಲಗತೈತ್ರಿ?” ಆತ ಸೀಟು ಬಾಗಿಸುತ್ತಾನೆ. ಶಿವಲೀಲಾ ಮಾರೆವ್ವನ ರಟ್ಟೆ ಹಿಡಿದು ಮೆಲ್ಲಗೆ ಅದರ ಮೇಲೆ ಒರಗಿಸಿ, ಎ.ಸಿ. ಹಾಕಿಸುತ್ತಾರೆ.

ಹುಡುಗ ವರ್ಣನೆ ಮುಗಿಸಿ, ಅರ್ಜಿ ಮತ್ತು ಪೆನ್ನು ಮುಂದೆ ಹಿಡಿದು, ಯಾವ ಬಣ್ಣ ಬೇಕು ಮೇಡಂ ಎಂದು ಕೇಳುತ್ತಾನೆ. ಶಿವಲೀಲಾ ತುಟಿಯ ಮೇಲೆ ಬೆರಳಿಟ್ಟು ಅವನನ್ನು ಸುಮ್ಮನಾಗಿಸುತ್ತಾರೆ. ಮಾರೆವ್ವನ ಬಾಯಿ ಅರೆ ತೆರೆದಿದೆ, ಸಣ್ಣಗೆ ಗೊರಕೆ.

“ಸಾವಕಾಶ ಮಾತಾಡ್ರಿ ತಮ್ಮಾ, ಆಕಿಗೆ ನಿದ್ದಿ ಹತ್ತೈತಿ. ಏಳಲಿ, ಆಮ್ಯಾಲ ಸಹಿ ಮಾಡ್ತೀನಿ.”